ವೈಫೈ ಬಾರದಿದ್ದಾಗ ಮೊದಲು ನೋಡಬೇಕಾದುದೇನು?



ಗದ್ದೆಗೆ ನೀರು ಬರಲಿಲ್ಲವೆಂದು ತಿಳಿದೊಡನೆ ಯಾವ ರೈತನೂ ಹೋಗಿ ಕೆರೆಯ ತೂಬನ್ನು ಕೀಳುವುದಿಲ್ಲ. ಮೊದಲು ಪಕ್ಕದ ಗದ್ದೆಗೆ ನೀರು ಬಂದಿದೆಯೇ ಎಂದು ನೋಡುತ್ತಾನೆ. ಅಲ್ಲಿಗೆ ಬಂದಿದ್ದರೆ ಕೆರೆಯೂ ಸರಿ, ತೂಬೂ ಸರಿ; ತೊಡಕಿರುವುದು ತನ್ನ ಗದ್ದೆಯ ಬಾಯಿಯಲ್ಲಿ. ಅಲ್ಲಿಗೂ ಬಂದಿಲ್ಲವಾದರೆ ಕಾಲುವೆಯ ಗುಂಟ ಮೇಲಕ್ಕೆ ನಡೆಯುತ್ತಾನೆ. ಮನೆಯಲ್ಲಿ ಫೋನಿಗೆ ವೈಫೈ ಸಿಕ್ಕದಾಗಲೂ ಮಾಡತಕ್ಕದ್ದು ಇದೇ. ಇಷ್ಟು ಸರಳವಾದ ಸಂಗತಿಯನ್ನು ನಾನು ಒಂದು ಮನೆಯವರಿಗೆ ತೊಂದರೆ ಕೊಟ್ಟು ಕಲಿತೆನು. ಆದುದರಿಂದ ಅದನ್ನೇ ಮೊದಲು ಹೇಳುತ್ತೇನೆ.

ಎರಡು ಮಳೆಗಾಲದ ಹಿಂದಿನ ಮಾತು. ಬಿತ್ತನೆ ಬೀಜದ ವಿಚಾರವಾಗಿ ಒಂದು ಹಳ್ಳಿಗೆ ಹೋಗಿದ್ದೆ. ನಾನು ಕುಳಿತಿದ್ದ ಮನೆಯ ಹುಡುಗಿ ಪಿ.ಯು.ಸಿ. ಮುಗಿಸಿ ಸಿ.ಇ.ಟಿ. ಬರೆದಿದ್ದಳು. ಕೃಷಿ ಪದವಿ ಓದಬೇಕೆಂಬುದು ಅವಳ ಆಸೆ. ಯಾವ ಕಾಲೇಜು ಮೊದಲು, ಯಾವುದು ಆಮೇಲೆ ಎಂದು ಆಯ್ಕೆಗಳನ್ನು ಜಾಲತಾಣದಲ್ಲಿ ನಮೂದಿಸಲು ಅಂದೇ ಕೊನೆಯ ದಿನ. ಸಂಜೆ ಐದು ಗಂಟೆಗೆ ನೋಡಿದರೆ ಅವಳ ಫೋನಿಗೆ ವೈಫೈ ಹತ್ತುತ್ತಿಲ್ಲ. ಆ ಊರಿನಲ್ಲಿ ಮೊಬೈಲಿನ ಸಿಗ್ನಲ್ ಮನೆಯೊಳಕ್ಕೆ ಬರುವುದಿಲ್ಲ. “ಸಾರ್, ನೀವು ಓದಿದವರು, ಸ್ವಲ್ಪ ನೋಡಿ” ಎಂದರು ಅವಳ ತಾಯಿ.

ನಾನು ಓದಿದ್ದು ಕೃಷಿ ಡಿಪ್ಲೊಮಾ. ಆದರೂ ಹುರುಪಿನಿಂದ ಎದ್ದೆ. ರೂಟರ್ ಪೆಟ್ಟಿಗೆಯ ಹಿಂದೆ ‘ರೀಸೆಟ್’ ಎಂದು ಬರೆದ ಸೂಜಿಗಣ್ಣಿನಷ್ಟು ತೂತೊಂದು ಕಂಡಿತು. ಪಿನ್ನು ಚುಚ್ಚಿ ಹತ್ತು ಎಣಿಸಿದೆ. ದೀಪಗಳೆಲ್ಲ ಆರಿ ಮತ್ತೆ ಹೊತ್ತಿದವು. ಒಳಕೋಣೆಯಿಂದ ಹುಡುಗಿಯ ಅಣ್ಣ ಓಡಿಬಂದು, “ಅಮ್ಮಾ, ಈಗ ನನ್ನ ಫೋನಿನಲ್ಲೂ ಹೋಯಿತು!” ಎಂದ. ಅಲ್ಲಿಯ ತನಕ ಅವನ ಫೋನಿನಲ್ಲಿ ಎಲ್ಲವೂ ಚೆನ್ನಾಗಿಯೇ ನಡೆಯುತ್ತಿತ್ತು. ನಾನು ಆ ಒಂದು ಪ್ರಶ್ನೆಯನ್ನು ಕೇಳಿಯೇ ಇರಲಿಲ್ಲ.

ಆ ತೂತಿನಲ್ಲಿ ಪಿನ್ನು ಚುಚ್ಚಿ ಹಿಡಿದರೆ ಪೆಟ್ಟಿಗೆಯಲ್ಲಿ ಬರೆದಿಟ್ಟದ್ದೆಲ್ಲ ಅಳಿಸಿಹೋಗುತ್ತದೆ. ಮನೆಯವರು ಇಟ್ಟ ಹೆಸರು, ಪಾಸ್‌ವರ್ಡ್ ಹೋಗುವುದಲ್ಲದೆ, ಸಂಪರ್ಕ ಕೊಟ್ಟವರು ತುಂಬಿಸಿದ ವಿವರಗಳೂ ಅನೇಕ ಪೆಟ್ಟಿಗೆಗಳಲ್ಲಿ ಹೋಗುತ್ತವೆ. ಅವನ್ನು ಅವರೇ ಬಂದು ತುಂಬಬೇಕು. ಬಂದದ್ದು ಮೂರನೆಯ ದಿನ. ಅಂದು ರಾತ್ರಿ ತಂದೆ ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಕೆರೆ ಏರಿಗೆ ಹೋದರು. ಸಿಗ್ನಲ್ ಸಿಗುತ್ತಿದ್ದುದು ಅಲ್ಲಿ ಮಾತ್ರ. ತಂದೆ ಕೊಡೆ ಹಿಡಿದು ನಿಂತರು, ಮಗಳು ಒಂಬತ್ತು ಗಂಟೆಗೆ ಕೆಲಸ ಮುಗಿಸಿದಳು. ಸೀಟು ಸಿಕ್ಕಿತು. ಆದರೆ ಆ ನಾಲ್ಕು ಗಂಟೆಗಳ ಕಾಲ ನನ್ನ ಹೊಟ್ಟೆಯಲ್ಲಿ ಏನಾಗುತ್ತಿತ್ತೆಂದು ಬರೆಯಲಾರೆ. ನಿಜವಾದ ತೊಡಕು ಏನೆಂದರೆ, ಹಿಂದಿನ ದಿನ ಅಣ್ಣ ಪಾಸ್‌ವರ್ಡ್ ಬದಲಿಸಿದ್ದ; ತಂಗಿಯ ಫೋನು ಹಳೆಯದನ್ನೇ ಹೇಳುತ್ತಿತ್ತು. ಒಂದೇ ನಿಮಿಷದ ಕೆಲಸ.

ಈಗ ಪಾಠಕ್ಕೆ ಬರೋಣ. ಹೊರಗಿನಿಂದ ಪೆಟ್ಟಿಗೆಯವರೆಗೆ ತಂತಿಯ ದಾರಿ. ಪೆಟ್ಟಿಗೆಯಿಂದ ಫೋನಿನವರೆಗೆ ಗಾಳಿಯ ದಾರಿ. ಕೆಟ್ಟಿರುವುದು ಯಾವುದೆಂದು ತಿಳಿಯಲು ಮನೆಯ ಇನ್ನೊಂದು ಫೋನನ್ನು ನೋಡಿರಿ. ಅದರ ಮೊಬೈಲ್ ಡೇಟಾ ಆರಿಸಿ ನೋಡಬೇಕು, ಇಲ್ಲದಿದ್ದರೆ ಅದು ಸಿಮ್ಮಿನಿಂದ ನಡೆಯುತ್ತಿದ್ದರೂ ವೈಫೈ ಸರಿಯಿದೆಯೆಂದು ಮೋಸಹೋಗುತ್ತೇವೆ. ಇನ್ನೊಂದು ಫೋನಿಗೆ ಬರುತ್ತಿದ್ದರೆ ಪೆಟ್ಟಿಗೆಯನ್ನು ಮುಟ್ಟಬೇಡಿರಿ.

ಕೆಟ್ಟಿರುವುದು ನಿಮ್ಮ ಫೋನಿನ ಕಡೆಯೆಂದು ತಿಳಿದ ಮೇಲೆ, ಪರದೆಯ ಮೇಲೆ ಏನು ಬರೆದಿದೆಯೆಂದು ಓದಿರಿ. ಪಾಸ್‌ವರ್ಡ್ ತಪ್ಪು ಎಂದಿದ್ದರೆ, ಸೆಟ್ಟಿಂಗ್ಸ್‌ನಲ್ಲಿ ವೈಫೈ ಹೆಸರನ್ನು ಒತ್ತಿ ‘ಫರ್ಗೆಟ್’ ಅಥವಾ ‘ಮರೆತುಬಿಡಿ’ ಎಂಬುದನ್ನು ಆರಿಸಿ, ಪಾಸ್‌ವರ್ಡನ್ನು ಹೊಸದಾಗಿ ಬರೆಯಿರಿ. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ ಎಂಬುದು ನೆನಪಿರಲಿ. ಸೊನ್ನೆಗೂ ‘ಓ’ ಅಕ್ಷರಕ್ಕೂ ಆಗುವ ಗೊಂದಲವನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಐ.ಪಿ. ವಿಳಾಸ ಪಡೆಯುತ್ತಿದೆ ಎಂದು ಬಹಳ ಹೊತ್ತು ನಿಂತರೆ, ಪೆಟ್ಟಿಗೆಯು ಫೋನಿಗೆ ಕೊಡಬೇಕಾದ ಗುರುತಿನ ಸಂಖ್ಯೆ ಸಿಕ್ಕಿಲ್ಲವೆಂದು ಅರ್ಥ. ಫೋನನ್ನು ಒಮ್ಮೆ ಆರಿಸಿ ಹಚ್ಚಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಹೆಸರೇ ಕಾಣದಿದ್ದರೆ? ಇಲ್ಲಿ ಸ್ವಲ್ಪ ವಿವರ ಬೇಕು. ಈಗಿನ ಅನೇಕ ಪೆಟ್ಟಿಗೆಗಳು ಎರಡು ಬಗೆಯ ಅಲೆಗಳನ್ನು ಬಿಡುತ್ತವೆ. 2.4 ಗಿಗಾಹರ್ಟ್ಸ್‌ನದು ದೂರ ಹೋಗುತ್ತದೆ, ಗೋಡೆಯನ್ನೂ ಒಂದಿಷ್ಟು ದಾಟುತ್ತದೆ. 5 ಗಿಗಾಹರ್ಟ್ಸ್‌ನದಕ್ಕೆ ವೇಗ ಹೆಚ್ಚು, ಆದರೆ ಗೋಡೆ ಅಡ್ಡಬಂದರೆ ಬೇಗ ಸೋಲುತ್ತದೆ. ಎರಡಕ್ಕೂ ಬೇರೆ ಬೇರೆ ಹೆಸರಿಟ್ಟಿದ್ದರೆ ಎರಡನೆಯದರ ಕೊನೆಯಲ್ಲಿ ‘5ಜಿ’ ಎಂದು ಬರೆದಿರುವುದುಂಟು. ಇದು ಸಿಮ್ಮಿನ 5ಜಿ ಅಲ್ಲ. ಹೆಸರು ಒಂದೇ ಆದುದರಿಂದ ಜನರಿಗೆ ಭ್ರಮೆಯಾಗಿದೆ. ಹಳೆಯ ಫೋನುಗಳಲ್ಲಿಯೂ ಅಗ್ಗದ ಫೋನುಗಳಲ್ಲಿಯೂ ಕೆಲವಕ್ಕೆ ಈ ಎರಡನೆಯ ಅಲೆ ಕಾಣುವುದೇ ಇಲ್ಲ. ಅಂಥವು ಮೊದಲನೆಯದಕ್ಕೇ ಸೇರಬೇಕು. ಹಿಂದಿನ ಕೋಣೆಯಲ್ಲಿ, ಕೊಟ್ಟಿಗೆಯಲ್ಲಿ ಫೋನು ನೋಡುವವರಿಗೂ ಮೊದಲನೆಯದೇ ಮೇಲು.

ಪೆಟ್ಟಿಗೆ ಇಡುವ ಜಾಗವೂ ಮುಖ್ಯ. ಮಕ್ಕಳ ಕೈಗೆ ಸಿಗಬಾರದೆಂದು ಕೆಲವರು ಅದನ್ನು ಕಬ್ಬಿಣದ ಬೀರುವಿನೊಳಗೆ ಇಡುತ್ತಾರೆ. ಕಬ್ಬಿಣವು ಅಲೆಯನ್ನು ತಡೆಯುತ್ತದೆ. ಕಲ್ಲಿನ ದಪ್ಪ ಗೋಡೆಯೂ ನೀರಿನ ತೊಟ್ಟಿಯೂ ಅದನ್ನು ಕುಂದಿಸುತ್ತವೆ. ನಡುಮನೆಯಲ್ಲಿ, ಆಳೆತ್ತರದ ಬಯಲು ಜಾಗದಲ್ಲಿ ಇಡುವುದು ಒಳ್ಳೆಯದು.

ಇನ್ನು, ಮನೆಯ ಎಲ್ಲ ಫೋನುಗಳಲ್ಲೂ ‘ಸಂಪರ್ಕವಾಗಿದೆ, ಇಂಟರ್ನೆಟ್ ಇಲ್ಲ’ ಎಂದು ಬಂದರೆ ಗಾಳಿಯ ದಾರಿ ಸರಿಯಿದೆ, ತಂತಿಯ ದಾರಿ ಕೆಟ್ಟಿದೆ ಎಂದು ತಿಳಿಯಿರಿ. ಮೊದಲು ರೀಚಾರ್ಜ್ ಮುಗಿದಿಲ್ಲವಷ್ಟೆ? ಆಮೇಲೆ ಪೆಟ್ಟಿಗೆಯ ಕರೆಂಟನ್ನು ಆರಿಸಿ, ಒಂದು ನಿಮಿಷ ಬಿಟ್ಟು ಹಚ್ಚಿ, ಮೂರು ನಿಮಿಷ ಕಾಯಿರಿ. ಇದು ರೀಸೆಟ್ ಅಲ್ಲ. ಇದರಿಂದ ಏನೂ ಅಳಿಸುವುದಿಲ್ಲ. ಫೈಬರ್ ಸಂಪರ್ಕವಿದ್ದಲ್ಲಿ ‘ಲಾಸ್’ ಎಂಬ ಹೆಸರಿನ ಕೆಂಪು ದೀಪ ಮಿನುಗುತ್ತಿದ್ದರೆ ಹೊರಗಿನಿಂದ ಬೆಳಕು ಬರುತ್ತಿಲ್ಲವೆಂದು ಅರ್ಥ: ಎಲ್ಲೋ ಎಳೆ ತುಂಡಾಗಿದೆ, ಇಲ್ಲವೆ ಮಡಿಚಿಕೊಂಡಿದೆ. ಅದರೊಳಗಿರುವುದು ಕೂದಲಿನಂಥ ಗಾಜಿನ ಎಳೆ. ಅಟ್ಟದಲ್ಲಿ ಇಲಿ ಕಡಿದದ್ದನ್ನೂ ನೋಡಿದ್ದೇನೆ, ಮೊಳೆಗೆ ಬಿಗಿದು ಮುರಿದದ್ದನ್ನೂ ನೋಡಿದ್ದೇನೆ. ಅದನ್ನು ನೀವು ಕೂಡಿಸಲಾರಿರಿ. ತುದಿಯನ್ನು ಕಣ್ಣಿಗೆ ಹಿಡಿದು ಇಣುಕಲೂ ಬೇಡಿರಿ. ಅದರೊಳಗೆ ಬರುವ ಲೇಸರ್ ಬೆಳಕು ಕಣ್ಣಿಗೆ ಕಾಣದು, ಆದರೆ ಕೆಡುಕು ಮಾಡಬಲ್ಲದು.

ಅಪರೂಪದ ಇನ್ನೊಂದು ಸಂಗತಿಯಿದೆ. ವೈಫೈ ಸೇರಿದೆ, ಬೇರೆ ಫೋನುಗಳಲ್ಲಿ ಎಲ್ಲವೂ ತೆರೆಯುತ್ತದೆ, ಒಂದರಲ್ಲಿ ಮಾತ್ರ ಜಾಲತಾಣಗಳು ಸುರಕ್ಷಿತವಲ್ಲವೆಂದು ಹೇಳುತ್ತವೆ. ಆಗ ಆ ಫೋನಿನ ತಾರೀಖು ನೋಡಿರಿ. ಬ್ಯಾಟರಿ ಪೂರ್ತಿ ಬಸಿದುಹೋದ ಹಳೆಯ ಫೋನುಗಳು ಕೆಲವೊಮ್ಮೆ ಎಷ್ಟೋ ವರ್ಷ ಹಿಂದಕ್ಕೆ ಹೋಗಿಬಿಡುತ್ತವೆ. ತಾರೀಖು ಸರಿಮಾಡಿದರೆ ಸಾಕು.

ದೂರು ಕೊಡುವಾಗ ‘ವೈಫೈ ಬರುತ್ತಿಲ್ಲ’ ಎಂದಷ್ಟೇ ಹೇಳಬೇಡಿರಿ. ಯಾವ ದೀಪ ಯಾವ ಬಣ್ಣದಲ್ಲಿದೆ, ಎಷ್ಟು ಫೋನುಗಳಿಗೆ ಬರುತ್ತಿಲ್ಲ, ಎಂದಿನಿಂದ ಎಂದು ಹೇಳಿದರೆ ಬರುವವರು ಬೇಕಾದ ಸಾಮಾನು ತೆಗೆದುಕೊಂಡೇ ಬರುತ್ತಾರೆ. ದೂರು ಸರಿಪಡಿಸುತ್ತೇವೆಂದು ತಾವಾಗಿ ಫೋನು ಮಾಡಿ ಒ.ಟಿ.ಪಿ. ಕೇಳುವವರಿಗೆ ಅದನ್ನು ಕೊಡಕೂಡದು. ಕೊಟ್ಟು ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿರಿ.

ಪೆಟ್ಟಿಗೆಯ ಕೆಳಗೆ ಅಂಟಿಸಿದ ಚೀಟಿಯಲ್ಲಿ ಸಾಮಾನ್ಯವಾಗಿ ವೈಫೈಯ ಮೊದಲ ಹೆಸರು, ಪಾಸ್‌ವರ್ಡ್ ಇರುತ್ತವೆ. ಮಾಸುವ ಮೊದಲೇ ಅವನ್ನು ಒಂದು ಕಾಗದಕ್ಕೆ ಇಳಿಸಿ ಪಹಣಿಯ ಜೊತೆ ಇಟ್ಟುಕೊಳ್ಳಿರಿ. ಬದಲಿಸಿದ್ದರೆ ಹೊಸದನ್ನೂ ಬರೆಯಿರಿ, ಬದಲಿಸಿದವರು ಮನೆಯವರಿಗೆಲ್ಲ ಹೇಳಿರಿ. ನಾನು ಹೇಳಿದ ಆ ಮನೆಯಲ್ಲಿ ತಾಯಿಯವರು ರೀಸೆಟ್ ತೂತಿನ ಮೇಲೆ ಗಾಯಕ್ಕೆ ಹಚ್ಚುವ ಪಟ್ಟಿಯ ಚೂರೊಂದನ್ನು ಅಂಟಿಸಿದ್ದಾರೆ. ನಾನು ಹೋದಾಗಲೆಲ್ಲ ಮೊದಲು ಅದನ್ನು ತೋರಿಸಿ, ಆಮೇಲೆ ಕಾಫಿ ಕೊಡುತ್ತಾರೆ.