ಗುಡ್ಡದ ಹೊಗೆ ಮತ್ತು ಶ್ವಾಸರೋಗಿಗಳು

ಗದಗ ಜಿಲ್ಲೆಯ ಕಪ್ಪತಗುಡ್ಡದಲ್ಲಿ ಬೇಸಿಗೆಯ ಒಣಹುಲ್ಲಿಗೆ ಬೆಂಕಿ ತಗುಲಿದಾಗ ಔಷಧೀಯ ಸಸ್ಯಗಳು ಸುಟ್ಟವೆಂದು ಮರುಗುತ್ತೇವೆ. ಆ ಹೊಗೆಯನ್ನು ಉಸಿರಾಡುವವರನ್ನು ಮರೆಯುತ್ತೇವೆ. ಹೊಗೆಯಲ್ಲಿನ 2.5 ಮೈಕ್ರಾನಿಗಿಂತ ಸೂಕ್ಷ್ಮವಾದ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಮೂಗಿಗೆ ಕಟ್ಟಿದ ಒದ್ದೆಬಟ್ಟೆ ಅವನ್ನು ತಡೆಯಲಾರದು. ಮುಖಕ್ಕೆ ಬಿಗಿಯಾಗಿ ಕೂಡುವ ಎನ್-95 ಮಾಸ್ಕ್ ಬೇಕು. ಗಾಳಿ ಊರಿನತ್ತ ಬೀಸುವಾಗ ಕಿಟಕಿಗಳನ್ನು ಮುಚ್ಚಿರಿ. ಪೂಜೆಯ ಧೂಪವೂ ಹೊಗೆಯೇ, ಅಷ್ಟು ದಿನ ಅದು ಬೇಡ. ಒಳಗೆ ಸೆಕೆ ತಡೆಯದಾದರೆ ವೃದ್ಧರನ್ನು ಹೊಗೆಯಿಲ್ಲದ ಊರಿನ ಬಂಧುಗಳಲ್ಲಿಗೆ ಕಳುಹಿಸುವುದು ಲೇಸು.

ಉಬ್ಬಸವುಳ್ಳವರು ವೈದ್ಯರು ಕೊಟ್ಟ ಇನ್‌ಹೇಲರ್ ಬಿಡಕೂಡದು. ಕಷಾಯ ಅದಕ್ಕೆ ಬದಲಲ್ಲವೆಂದು ಆಯುರ್ವೇದ ವೈದ್ಯನಾಗಿಯೇ ಹೇಳುತ್ತೇನೆ. ಸಂಜೆ ಹಠಾತ್ತನೆ ಗುಡುಗು, ಬಿರುಗಾಳಿ ಎದ್ದರೆ ಬೆಂಕಿ ಆರಿತೆಂದು ಭಾವಿಸಬೇಡಿ. ಮಳೆಗಿಂತ ಮೊದಲು ಬರುವ ಗಾಳಿಯೇ ಅದರ ದಿಕ್ಕನ್ನು ತಿರುಗಿಸಬಲ್ಲದು. ಮಾತನಾಡಲಾಗದಷ್ಟು ಏದುಸಿರು ಬಂದರೆ, ತುಟಿ ನೀಲಿಗಟ್ಟಿದರೆ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.