ಮನೆಯಂಗಳದ ಕಾಫಿ ಗಿಡ

ಗೃಹಸ್ಥನ ಮನೆಯ ಮುಂದೆ ಕಂಪುಳ್ಳ ಗಿಡವೊಂದು ಇರಬೇಕೆಂಬುದು ನಮ್ಮ ಜನರ ಬಹುಕಾಲದ ಆಸೆ. ಆ ಆಸೆಗೆ ತಕ್ಕಂತೆ ಮಲ್ಲಿಗೆಯನ್ನೋ ಪಾರಿಜಾತವನ್ನೋ ನೆಡುತ್ತೇವೆ. ಈಚೆಗಂತೂ ಹೆಸರು ಹೇಳಲೂ ಬಾರದ ಪರದೇಶದ ಗಿಡಗಳು ಕುಂಡಸಮೇತ ಕ್ರಯಕ್ಕೆ ಬಂದು ಅಂಗಳವನ್ನು ಸೇರುತ್ತಿವೆ. ಆದರೆ ವರ್ಷದ ಹನ್ನೆರಡು ತಿಂಗಳೂ ಹಸುರಾಗಿ ನಿಲ್ಲುವ, ಮಲ್ಲಿಗೆಗೆ ಸಾಟಿಯಾದ ಪರಿಮಳವನ್ನು ಬೀರುವ, ಅದರ ಮೇಲೆ ಮನೆಯವರ ಬೆಳಗಿನ ಲೋಟವನ್ನೂ ತುಂಬುವ ಒಂದು ಗಿಡವನ್ನು ಹೂಗಿಡವೆಂದು ಯಾರೂ ಎಣಿಸಿದಂತೆ ಕಾಣುವುದಿಲ್ಲ. ಕಾಫಿ ಗಿಡವನ್ನು ಕುರಿತು ನಾವು ಹೇಳುತ್ತಿದ್ದೇವೆ. ಅದನ್ನು ತೋಟದ ಬೆಳೆಯೆಂದು ಬಲ್ಲವರು ಬಹು ಮಂದಿ. ಅಂಗಳದ ಅಲಂಕಾರವೆಂದು ನೋಡಿದವರು ಕಡಮೆ.

ಹೀಗೆ ನೋಡಲು ವಯನಾಡಿನಂತಹ ಸ್ಥಳ ಬೇರೊಂದಿಲ್ಲ. ಕೇರಳದ ಈ ಜಿಲ್ಲೆ 1980ರ ನವೆಂಬರ್ 1ರಂದು ಪ್ರತ್ಯೇಕವಾಗಿ ರೂಪುಗೊಂಡಿತು. ಮೈಸೂರಿನ ಕಡೆಯಿಂದ ಗುಂಡ್ಲುಪೇಟೆಯನ್ನು ದಾಟಿ ಕಾಡುದಾರಿಯಲ್ಲಿ ಸಾಗಿ ಮುತ್ತಂಗವನ್ನು ಕಳೆದರೆ ಸುಲ್ತಾನ್ ಬತ್ತೇರಿ. ಅಲ್ಲಿಂದಾಚೆಗೆ ಕಲ್ಪೆಟ್ಟ, ಮೇಪ್ಪಾಡಿ, ವೈತಿರಿ. ಸಮುದ್ರಮಟ್ಟಕ್ಕಿಂತ 700 ಮೀಟರಿನಿಂದ ಮೇಲಕ್ಕೆ ಹರಡಿರುವ ಈ ಪ್ರಸ್ಥಭೂಮಿಯಲ್ಲಿ ಕಾಫಿ ದೊಡ್ಡ ತೋಟಗಳಲ್ಲಿ ಮಾತ್ರವೇ ಇಲ್ಲ. ಹೆಚ್ಚಿನ ಭಾಗ ಸಣ್ಣ ಹಿಡುವಳಿದಾರರ ಮನೆಯ ಸುತ್ತಲೇ ಇದೆ. ಹಾಲುವಾಣದ ಮರ, ಅದಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ, ಒಂದೆರಡು ಹಲಸು, ಕೆಳಗೆ ಕಾಫಿ, ನಡುವೆ ಮನೆ. ಅಂಗಳ ಎಲ್ಲಿ ಮುಗಿಯಿತು, ತೋಟ ಎಲ್ಲಿ ಮೊದಲಾಯಿತು ಎಂದು ಹೇಳುವುದು ಕಷ್ಟ. ಕನ್ನಡ ನಾಡಿನ ಮೂಲದವರಾದ ಜೈನ ಗೌಡರ ಮನೆತನಗಳೂ ಇಲ್ಲಿನ ಕಾಫಿ ಕೃಷಿಯಲ್ಲಿ ಹೆಸರು ಪಡೆದಿವೆ. ಕೇರಳದ ಕಾಫಿಯಲ್ಲಿ ಬಹುಪಾಲು ಈ ಒಂದು ಜಿಲ್ಲೆಯದು. ಅದೂ ಹೆಚ್ಚಾಗಿ ರೊಬಸ್ಟಾ ಜಾತಿಯದು. 2019ರಲ್ಲಿ ವಯನಾಡಿನ ರೊಬಸ್ಟಾ ಕಾಫಿಗೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು.

ಕಾಫಿಯ ಹೂವನ್ನು ಮಲ್ಲಿಗೆಗೆ ಹೋಲಿಸಿದವರಲ್ಲಿ ನಾವೇ ಮೊದಲಿಗರಲ್ಲ. 1713ರಲ್ಲಿ ಆಂಟಾನ್ ದ ಜುಸ್ಸ್ಯೂ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞನು ಈ ಗಿಡವನ್ನು ಪರೀಕ್ಷಿಸಿ ‘ಅರಬ್ಬೀ ಮಲ್ಲಿಗೆ’ ಎಂಬರ್ಥದ ಹೆಸರನ್ನೇ ಇಟ್ಟನು. ಹೂವಿನ ಬಿಳುಪೂ ಕಂಪೂ ಪಂಡಿತನನ್ನೂ ಮರುಳುಮಾಡಿದುವು. ಅನಂತರ ಲಿನೇಯಸನು ಅದಕ್ಕೆ ‘ಕಾಫಿಯಾ’ ಎಂಬ ಬೇರೆಯ ಕುಲವನ್ನು ಕಲ್ಪಿಸಿ, 1753ರ ತನ್ನ ಗ್ರಂಥದಲ್ಲಿ ‘ಕಾಫಿಯಾ ಅರಬಿಕಾ’ ಎಂದು ದಾಖಲಿಸಿದನು. ನಿಜವಾಗಿ ಕಾಫಿಯ ಬಂಧುಗಳನ್ನು ಕಾಣಬೇಕಾದರೆ ಮಲ್ಲಿಗೆಯ ಚಪ್ಪರದ ಕಡೆಗಲ್ಲ, ಗುಡ್ಡದ ಕೇಪಳದ ಪೊದೆಯ ಕಡೆಗೆ ಹೋಗಬೇಕು. ಕೇಪಳದ ಒಂದು ಕಡ್ಡಿಯನ್ನೂ ಕಾಫಿಯ ಒಂದು ಕಡ್ಡಿಯನ್ನೂ ಮಕ್ಕಳು ಪಕ್ಕಪಕ್ಕದಲ್ಲಿ ಹಿಡಿದು ನೋಡಲಿ. ಎರಡರಲ್ಲಿಯೂ ಎಲೆಗಳು ಎದುರುಬದುರಾಗಿ ಜತೆಜತೆಯಾಗಿರುತ್ತವೆ. ಆ ಜತೆಯ ನಡುವೆ ಕಡ್ಡಿಗೆ ಅಂಟಿಕೊಂಡು ಮುಳ್ಳಿನ ಮೊನೆಯಂತಹ ಸಣ್ಣ ಪುಚ್ಛವಿರುತ್ತದೆ. ಕುಟುಂಬದ ಗುರುತು ಅದೇ. ಜ್ವರದ ಮದ್ದಾದ ಕ್ವಿನೀನನ್ನು ಕೊಡುವ ಸಿಂಕೋನಾ ಮರವೂ ಈ ಕುಟುಂಬದ್ದೇ.

ಅರಬಿಕಾದ ತವರು ಇಥಿಯೋಪಿಯಾದ ಎತ್ತರದ ಕಾಡು. ಬಾಬಾ ಬುಡನ್ ಎಂಬ ಸಂತನು ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದನೆಂಬುದು ಆ ಜಾತಿಯನ್ನು ಕುರಿತ ಪ್ರತೀತಿ. ರೊಬಸ್ಟಾ ಆಫ್ರಿಕದ ಪಶ್ಚಿಮ ಹಾಗೂ ಮಧ್ಯ ಭಾಗದ ತಗ್ಗಿನ ಕಾಡುಗಳಿಂದ ಬಂದದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ವಯನಾಡಿನ ತೋಟಗಳಲ್ಲಿದ್ದುದು ಅರಬಿಕಾ. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಎಲೆತುಕ್ಕಿನ ರೋಗವು ದಕ್ಷಿಣ ಭಾರತಕ್ಕೂ ಹಬ್ಬಿ ಆ ತೋಟಗಳನ್ನು ಹಾಳುಗೆಡವಿತು. ಆ ರೋಗವನ್ನು ತಡೆದು ನಿಂತ ರೊಬಸ್ಟಾ ಇಪ್ಪತ್ತನೆಯ ಶತಮಾನದಲ್ಲಿ ಇಲ್ಲಿ ನೆಲೆಯೂರಿತು. ಆದ್ದರಿಂದ ಮುಂದಿನ ಮಾತುಗಳು ಮುಖ್ಯವಾಗಿ ರೊಬಸ್ಟಾಕ್ಕೆ ಅನ್ವಯಿಸುತ್ತವೆ.

ಇನ್ನು ಹೂವಿನ ವಿಚಾರ. ಮಿಕ್ಕ ಹೂಗಿಡಗಳಿಗೂ ಕಾಫಿಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಮಳೆಗಾಲ ಇಳಿಯುತ್ತಿದ್ದಂತೆ, ಹಗಲು ಕಿರಿದಾಗುವ ತಿಂಗಳುಗಳಲ್ಲಿ ಕೊಂಬೆಯ ಗೆಣ್ಣುಗಳಲ್ಲಿ ಮೊಗ್ಗು ಹುಟ್ಟುತ್ತದೆ. ಹುಟ್ಟಿದ ಮೊಗ್ಗು ಅಕ್ಕಿಕಾಳಿನಷ್ಟಾಗಿ, ಅಲ್ಲಿಗೆ ಬೆಳವಣಿಗೆಯನ್ನು ನಿಲ್ಲಿಸಿ ನಿದ್ರೆ ಹೋಗುತ್ತದೆ. ಡಿಸೆಂಬರ್, ಜನವರಿಯ ಒಣಹವೆಯಲ್ಲಿ ಗಿಡ ಬಾಯಾರಬೇಕು. ಆ ಬಾಯಾರಿಕೆಯೇ ಮೊಗ್ಗಿನ ನಿದ್ರೆಯನ್ನು ಸಡಿಲಿಸುತ್ತದೆ. ಆಮೇಲೆ ಸೌರಮಾನದ ಕುಂಭ ಮಾಸದ ಸುಮಾರಿಗೆ, ಅಂದರೆ ಫೆಬ್ರವರಿ–ಮಾರ್ಚ್ ತಿಂಗಳಲ್ಲಿ, ಒಂದು ಸಂಜೆ ಗುಡುಗಿ ಮಳೆ ಬೀಳುತ್ತದೆ. ಬೆಳೆಗಾರರು ಇದನ್ನು ಹೂಮಳೆ ಎನ್ನುತ್ತಾರೆ. ಒಂದರಿಂದ ಒಂದೂವರೆ ಅಂಗುಲ ಮಳೆಯಾದರೆ ಸಾಕು. ಮೊಗ್ಗು ದಿನದಿನಕ್ಕೆ ಉದ್ದವಾಗಿ, ಹಸುರು ಕಳೆದು, ಬಿಳಿಯ ಮೇಣದ ಬತ್ತಿಯಂತಾಗಿ, ಏಳೆಂಟು ದಿನಗಳಲ್ಲಿ ಒಂದು ಬೆಳಗ್ಗೆ ಇಡೀ ಊರಿನ ಗಿಡಗಳು ಒಟ್ಟಿಗೆ ಅರಳುತ್ತವೆ. ಕೊಂಬೆಯೇ ಕಾಣದಂತೆ ಗೆಣ್ಣುಗೆಣ್ಣಿಗೂ ಹೂವಿನ ಚೆಂಡು. ಆ ದಿನ ಕಲ್ಪೆಟ್ಟದ ಕಡೆ ಬಸ್ಸಿನಲ್ಲಿ ಪ್ರಯಾಣ ಮಾಡುವವರಿಗೆ ಕಣ್ಣು ಮುಚ್ಚಿದರೂ ಕಾಫಿ ಅರಳಿದುದು ತಿಳಿಯುತ್ತದೆ. ಈ ವೈಭವ ಎರಡು ಮೂರು ದಿನ ಮಾತ್ರ. ನಾಲ್ಕನೆಯ ದಿನಕ್ಕೆ ಹೂ ಕಂದಿ ಉದುರುತ್ತದೆ.

ಅಂಗಳದಲ್ಲಿ ಗಿಡ ಬೆಳೆಸುವವರು ಇಲ್ಲಿ ಒಂದು ಸಂಗತಿಯನ್ನು ಗಮನಿಸತಕ್ಕದ್ದು. ಬಚ್ಚಲು ಮೋರಿಯ ಪಕ್ಕದಲ್ಲಿ ನೆಟ್ಟ ಕಾಫಿ ಗಿಡ ಎಲೆಯಿಂದ ಸೊಂಪಾಗಿರುತ್ತದೆ, ಆದರೆ ಹೂ ಮಾತ್ರ ಅಲ್ಲೊಂದು ಇಲ್ಲೊಂದು, ಇಂದಿಷ್ಟು ನಾಳೆಯಿಷ್ಟು ಬಿಡುತ್ತದೆ. ನೀರಿನ ಕೊರತೆ ಅದಕ್ಕಿಲ್ಲ. ಕೊರತೆಯಾಗಲಿಲ್ಲವೆಂಬುದೇ ಅದರ ಕೊರತೆ. ದಿನವೂ ಚೆಂಬಿನಲ್ಲಿ ನೀರೆರೆದು ಗಿಡವನ್ನು ಮುದ್ದುಮಾಡುವವರು ಡಿಸೆಂಬರಿನಿಂದಾಚೆಗೆ ಕೈ ಬಿಗಿ ಹಿಡಿಯಬೇಕು. ಎಳೆಯ ಸಸಿಗಳಿಗೆ ಈ ನಿಯಮವಿಲ್ಲ. ಅವಕ್ಕೆ ಮೊದಲ ಎರಡು ಬೇಸಗೆ ನೀರು ಬೇಕೇ ಬೇಕು.

ಮಳೆ ಬಾರದಿದ್ದರೆ ನಾವೇ ನೀರೆರೆದು ಹೂ ಅರಳಿಸಬಹುದೇ ಎಂದು ಕೇಳುವವರುಂಟು. ಅರಳಿಸಬಹುದು. ಆದರೆ ಮಳೆಯ ಬೆಲೆ ಎಷ್ಟೆಂಬುದು ಲೆಕ್ಕ ಹಾಕಿದಾಗ ತಿಳಿಯುತ್ತದೆ. ಏಳನೆಯ ತರಗತಿಯ ಮಕ್ಕಳಿಗೆ ನಾವು ಈ ಲೆಕ್ಕವನ್ನು ಕೊಡುವುದುಂಟು. ಒಂದು ರೊಬಸ್ಟಾ ಗಿಡಕ್ಕೆ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ನೆಲ. ಅದರ ಮೇಲೆ ಒಂದು ಅಂಗುಲ ನೀರು ನಿಲ್ಲಬೇಕಾದರೆ ಸುಮಾರು 236 ಲೀಟರ್ ಬೇಕು. 15 ಲೀಟರಿನ ಕೊಡದಲ್ಲಿ ಹದಿನಾರು ಕೊಡ. ಅಂಗಳದ ನಾಲ್ಕು ಗಿಡಗಳಿಗೆ ಅರುವತ್ತನಾಲ್ಕು ಕೊಡವನ್ನು ಸೇದುವ ಶಕ್ತಿಯುಳ್ಳವರು ಸೇದಲಿ. ಒಂದು ಎಕರೆಯಲ್ಲಿ ಇಂತಹ ಗಿಡಗಳು 435 ಹಿಡಿಯುತ್ತವೆ, ನೀರು ಒಂದು ಲಕ್ಷ ಲೀಟರನ್ನು ಮೀರುತ್ತದೆ. ಮಕ್ಕಳು ಉತ್ತರವನ್ನು ಎರಡೆರಡು ಸಲ ಸರಿನೋಡುತ್ತಾರೆ, ನಂಬಿಕೆಯಾಗದೆ. ಪುಲ್ಪಳ್ಳಿ, ಮುಳ್ಳನ್‌ಕೊಲ್ಲಿಯ ಕಡೆ, ಕಬಿನಿ ಹೊಳೆಯ ಆಚೆ ದಡದಲ್ಲಿ ಕರ್ನಾಟಕವೇ ಇರುವ ಆ ಪೂರ್ವ ಭಾಗದಲ್ಲಿ, ಬೇಸಗೆಯಲ್ಲಿ ಕುಡಿಯುವ ನೀರಿಗೇ ಬಾವಿ ಸಾಲದು. ಒಂದು ಎಕರೆಯ ಕಾಫಿಯಿಂದ ಮಕ್ಕಳ ಓದನ್ನೂ ಮನೆಯ ಸಾಲವನ್ನೂ ನಿಭಾಯಿಸುವ ಸಂಸಾರವು ಕುಂಭ ಮಾಸದಲ್ಲಿ ಆಕಾಶವನ್ನು ನೋಡುವುದು ಕವಿಗಳ ಹಾಗಲ್ಲ.

ಮಳೆ ಬಂದರೂ ಹೇಗೆ ಬಂತು ಎಂಬುದು ಮುಖ್ಯ. ಅರ್ಧಂಬರ್ಧ ಬಿದ್ದರೆ ಮೊಗ್ಗು ಉಬ್ಬಿ, ಬಿರಿಯಲಾರದೆ ಒಣಗುತ್ತದೆ. ಜನವರಿಯಲ್ಲಿಯೇ ಬಿದ್ದರೆ ಹಣ್ಣಿನ್ನೂ ಕೊಂಬೆಯಲ್ಲಿರುವಾಗ ಹೂ ಬಿಡುತ್ತದೆ. ಹಣ್ಣು ಕೊಯ್ಯುವ ಕೈಗೆ ಸಿಕ್ಕಿ ಹೂ ಹಾಳು, ಅಂಗಳದಲ್ಲಿ ಹರಡಿದ ಕಾಫಿಯೂ ಒದ್ದೆ. ಹೂ ಅರಳಿದ ದಿನವೇ ಸುರಿದರೆ ಪರಾಗ ತೊಳೆದುಹೋಗುತ್ತದೆ. ಎಲ್ಲವೂ ಸರಿಯಾಗಿ, ಎರಡು ಮೂರು ವಾರಗಳ ಮೇಲೆ ಬ್ಯಾಕಿಂಗ್ ಮಳೆಯೆಂಬ ಎರಡನೆಯ ಮಳೆಯೂ ಬಿದ್ದರೆ ಕಾಯಿ ನಿಲ್ಲುತ್ತದೆ. ಈಚಿನ ವರ್ಷಗಳಲ್ಲಿ ಮಳೆಯ ಹೊತ್ತುಗೊತ್ತು ಕೆಡುತ್ತಿರುವುದನ್ನು ಹವಾಮಾನದ ಅಂಕಿಗಳಿಂದ ಅರಿಯುವವರು ಅರಿಯಲಿ. ವಯನಾಡಿನ ಗೃಹಿಣಿಗೆ ಅಂಗಳದ ಗಿಡವೇ ಅದನ್ನು ಹೇಳುತ್ತದೆ.

ಒಂಟಿ ಗಿಡದ ಮಾತು ಇನ್ನೊಂದುಂಟು. ರೊಬಸ್ಟಾ ಹೂವು ತನ್ನ ಪರಾಗದಿಂದ ತಾನೇ ಕಾಯಿ ಕಟ್ಟಲಾರದು. ಬೇರೊಂದು ಗಿಡದ ಪರಾಗ ಗಾಳಿಯಿಂದಲೋ ಜೇನಿನಿಂದಲೋ ಬರಬೇಕು. ತುಡುವೆ, ಹೆಜ್ಜೇನುಗಳು ಆ ಮೂರು ದಿನ ಬಿಡುವಿಲ್ಲದೆ ದುಡಿಯುತ್ತವೆ. ಆಗ ಔಷಧ ಸಿಂಪಡಿಸುವುದು ತನ್ನ ಫಸಲಿನ ಮೇಲೆ ತಾನೇ ವಿಷ ಹೊಯ್ದಂತೆ. ಪೇಟೆಯ ಮನೆಯೊಂದರ ಮುಂದೆ ಒಂದೇ ಗಿಡ ನೆಟ್ಟರೆ ಕಂಪಿಗೆ ಕೊರತೆಯಿಲ್ಲ, ಹಣ್ಣು ಸಿಗದು. ಎರಡು ನೆಟ್ಟರೂ ಅವು ಒಂದೇ ತಾಯಿಯ ಕಡ್ಡಿಯಿಂದ ಆದವಾದರೆ ಪ್ರಯೋಜನವಿಲ್ಲ. ನೋಡಲು ಎರಡಾದರೂ ಅವು ಒಂದೇ ಗಿಡದ ತುಂಡುಗಳು. ಬೇರೆಬೇರೆ ಬೀಜದ ಎರಡು ಮೂರು ಗಿಡಗಳಾದರೂ ಇರಬೇಕು. ಅರಬಿಕಾಕ್ಕೆ ಈ ತೊಡಕಿಲ್ಲ. ಅದರ ಹೂವಿಗೆ ಸಾಧಾರಣವಾಗಿ ಐದು ಎಸಳು, ರೊಬಸ್ಟಾಕ್ಕೆ ಐದರಿಂದ ಏಳು. ಮಕ್ಕಳು ಎಣಿಸಿ ನೋಡಬಹುದು.

ನೆಡುವ ಕ್ರಮ ಸುಲಭ. ಚೆನ್ನಾಗಿ ಮಾಗಿದ ಹಣ್ಣನ್ನು ಹಿಸುಕಿ, ಬೀಜವನ್ನು ಮರದ ಬೂದಿಯಲ್ಲಿ ತಿಕ್ಕಿ, ನೆರಳಿನಲ್ಲಿ ಆರಿಸಿ, ಡಿಸೆಂಬರ್–ಜನವರಿಯಲ್ಲಿ ಚಪ್ಪಟೆ ಮಗ್ಗುಲು ಕೆಳಗಾಗುವಂತೆ ಪಾತಿಯಲ್ಲಿ ಊರಬೇಕು. ಬೀಜದ ಜೀವ ಕೆಲವೇ ತಿಂಗಳು. ವರ್ಷ ಇಟ್ಟರೆ ಮೊಳೆಯದು. ಸುಮಾರು ನಲುವತ್ತೈದು ದಿನಕ್ಕೆ ಮೊಳಕೆಯು ಬೀಜದ ಸಿಪ್ಪೆಯನ್ನು ತಲೆಯ ಮೇಲೆ ಹೊತ್ತುಕೊಂಡೇ ಮೇಲೇಳುತ್ತದೆ. ತೋಟಗಾರರು ಅದನ್ನು ಟೋಪಿ ಎಂದು ಕರೆಯುವುದು ಬಹಳ ಒಪ್ಪುವ ಮಾತು. ಸಸಿಯನ್ನು ಕೊಳ್ಳುವವರು ವಯನಾಡಿನ ಚುಂಡೇಲಿನಲ್ಲಿರುವ ಕಾಫಿ ಮಂಡಳಿಯ ಪ್ರಾದೇಶಿಕ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಬಹುದು. ‘ಸಿ × ಆರ್’ ಎಂಬ ತಳಿ ಕುಳ್ಳಾಗಿ ಅಡಕವಾಗಿ ಬೆಳೆಯುವುದರಿಂದ ಅಂಗಳಕ್ಕೆ ಅದೇ ಮೇಲೆಂದು ನಮ್ಮ ಅಭಿಪ್ರಾಯ. ಒಂದೂವರೆ ಅಡಿಯ ಗುಳಿಯನ್ನು ಬೇಸಗೆಯಲ್ಲಿಯೇ ತೆಗೆದು, ಮೇಲ್ಮಣ್ಣೂ ಕೊಳೆತ ಗೊಬ್ಬರವೂ ತುಂಬಿ, ಜೂನ್ ತಿಂಗಳ ಮಳೆ ಹಿಡಿದ ಮೇಲೆ ನೆಡಬೇಕು. ನೀರು ನಿಲ್ಲುವ ಜಾಗ ಕೂಡದು. ಮರದ ತೆಳುನೆರಳು ಬೇಕು. ಅರಬಿಕಾವನ್ನು ಬಟ್ಟಬಿಸಿಲಿನಲ್ಲಿ ಇಟ್ಟರೆ ಬಿಳಿಯ ಕಾಂಡಕೊರಕ ಹುಳುವಿಗೆ ಆಹ್ವಾನ ಕೊಟ್ಟಂತೆ. ಮೂರು ನಾಲ್ಕು ವರ್ಷಕ್ಕೆ ಹೂ ಕಾಣಬಹುದು.

ಬಿಟ್ಟರೆ ಗಿಡ ಮೂವತ್ತು ಅಡಿಯವರೆಗೂ ಏರುತ್ತದೆ. ನಾಲ್ಕು ಅಡಿಗೆ ತುದಿ ಚಿವುಟಿದರೆ ಕೊಡೆಯಾಕಾರಕ್ಕೆ ಬರುತ್ತದೆ. ಅನಂತರ ನೆಟ್ಟಗೆ ಮೇಲೇಳುವ ಕಂಬಚಿಗುರುಗಳನ್ನು ಆಗಾಗ ಮುರಿಯುತ್ತಿರಬೇಕು. ಅಡ್ಡಲಾಗಿ ಚಾಚುವ ಕೊಂಬೆಗಳಿಗೆ ರೆಕ್ಕೆ ಎಂದು ಹೆಸರು. ಕಾಂಡದಿಂದ ಹೊರಟ ರೆಕ್ಕೆ ಬುಡದಲ್ಲಿ ಮುರಿದರೆ ಆ ಜಾಗದಲ್ಲಿ ಇನ್ನೊಂದು ಹುಟ್ಟುವುದಿಲ್ಲ. ಆದುದರಿಂದ ಅದನ್ನು ಹಿಡಿದು ಜೋಲಾಡುವ ಮಕ್ಕಳಿಗೆ ಮೊದಲೇ ತಿಳಿಹೇಳಬೇಕು. ರೊಬಸ್ಟಾದಲ್ಲಿ ಒಮ್ಮೆ ಹೂ ಬಿಟ್ಟ ಗೆಣ್ಣು ಮತ್ತೆ ಹೂ ಬಿಡದು. ಕೊಯ್ಲಿನ ಮೇಲೆ ಒಣಗಿದ, ಬಡಕಲಾದ ಕಡ್ಡಿಗಳನ್ನು ತೆಗೆದು ಹೊಸ ಕೊಂಬೆಗೆ ಅವಕಾಶ ಮಾಡುವುದು ಅದಕ್ಕಾಗಿ.

ಕಂಪಿಗಾಗಿ ನೆಟ್ಟವರು ಹಣ್ಣನ್ನು ಅಲಕ್ಷ್ಯ ಮಾಡುವುದುಂಟು. ಇದು ನೆರೆಯವರಿಗೆ ಮಾಡುವ ಅಪಕಾರ. ಕಾಯಿಕೊರಕವೆಂಬ ಎಳ್ಳಿನಷ್ಟು ಕಪ್ಪು ಜೀರುಂಡೆ ಭಾರತದಲ್ಲಿ ಮೊದಲು ಕಂಡುಬಂದದ್ದು 1990ರಲ್ಲಿ, ವಯನಾಡಿಗೆ ಅಂಟಿಕೊಂಡಿರುವ ನೀಲಗಿರಿಯ ಗೂಡಲೂರಿನಲ್ಲಿ. ಹೆಣ್ಣುಹುಳು ಕಾಯಿಯ ತುದಿಯನ್ನು ಕೊರೆದು ಒಳಹೊಕ್ಕು ಬೀಜದಲ್ಲಿ ಸಂತಾನವನ್ನು ಬೆಳೆಸುತ್ತದೆ. ಕೊಯ್ಯದೆ ಬಿಟ್ಟ ಹಣ್ಣು, ಬುಡದಲ್ಲಿ ಉದುರಿದ ಹಣ್ಣು, ಇವೇ ಮುಂದಿನ ಫಸಲಿನವರೆಗೆ ಅದರ ಮನೆ. ರಜೆಗೆ ಮಾತ್ರ ಬಂದುಹೋಗುವವರ ಅಂಗಳದ ನಾಲ್ಕು ಗಿಡಗಳಿಂದ ಬೇಲಿಯಾಚೆಯ ಬಡವನ ಒಂದು ಎಕರೆ ಕೆಡಬಹುದು. ಒಂದು ಹಣ್ಣೂ ಉಳಿಯದಂತೆ ಕೊಯ್ದು, ಉದುರಿದುದನ್ನು ಆರಿಸಿ, ಹುಳು ಹಿಡಿದುದನ್ನು ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ ತೆಗೆಯಬೇಕು.

1942ರ ಕಾಫಿ ಕಾಯಿದೆಯ ಕಾಲದಲ್ಲಿ ಬೆಳೆಗಾರನು ಮನೆಬಳಕೆಗೂ ಬೀಜಕ್ಕೂ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕುದನ್ನು ಮಂಡಳಿಯ ಸಂಗ್ರಹಕ್ಕೆ ಒಪ್ಪಿಸಬೇಕಾಗಿತ್ತು. 1996ರಲ್ಲಿ ಆ ಕಟ್ಟು ಪೂರ್ಣವಾಗಿ ಬಿಚ್ಚಿತು. ಮನೆಬಳಕೆಯ ಕಾಫಿಗೆ ಆಗಲೂ ಈಗಲೂ ಕ್ರಮ ಒಂದೇ. ಹೂ ಬಿಟ್ಟ ಹತ್ತು ಹನ್ನೊಂದು ತಿಂಗಳಿಗೆ, ಡಿಸೆಂಬರಿನಿಂದ ಫೆಬ್ರವರಿಯ ಒಳಗೆ, ಕೆಂಪಾದ ಹಣ್ಣನ್ನು ಕೊಯ್ದು ಶುಚಿಯಾದ ಕಣದಲ್ಲಿ ತೆಳ್ಳಗೆ ಹರಡಿ, ದಿನಕ್ಕೆ ಹಲವು ಸಲ ಕೈಯಾಡಿಸಿ, ರಾತ್ರಿ ಇಬ್ಬನಿ ತಾಗದಂತೆ ಮುಚ್ಚಬೇಕು. ಎರಡು ವಾರದ ಬಿಸಿಲಿಗೆ ಹಣ್ಣು ಕಪ್ಪಾಗಿ, ಕಿವಿಯ ಬಳಿ ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಎನ್ನುತ್ತದೆ. ಆಗ ಒರಳಿನಲ್ಲಿ ಕುಟ್ಟಿ, ಕೇರಿ, ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಹುರಿಯಬಹುದು.