ಸೀರೆಯ ಅಂಚೂ ಬೀರುವಿನ ಕದವೂ

ಹಳೆಯ ವಿದ್ಯಾರ್ಥಿನಿಯರಿಗೂ ನಮ್ಮ ಮಕ್ಕಳ ಮಾತಾಪಿತೃಗಳಿಗೂ ಉಪಯುಕ್ತವಾಗುವ ಗೃಹಶಿಲ್ಪದ ಪಾಠವೊಂದನ್ನು ಇಲ್ಲಿ ಬರೆಯುತ್ತೇನೆ. ಮನೆಯ ಬೀರು, ಗೋಡೆಯ ಅಲಮಾರು, ಪಾತ್ರೆಯ ಗೂಡು, ಇವುಗಳ ಕದಗಳನ್ನು ಮನೆಯವರೇ ಅಲಂಕರಿಸುವ ಕ್ರಮವೇ ಇದರ ವಿಷಯವು. ಇದೇನು ದೊಡ್ಡ ವಿಷಯವೆಂದು ಕೆಲವರು ಮೂಗು ಮುರಿಯಬಹುದು. ಆದರೆ ಚಳ್ಳಕೆರೆ ಮೊಳಕಾಲ್ಮೂರು ಸೀಮೆಯ ಹಳೆಯ ಮನೆಗಳನ್ನು ಕೆಡಹುವಾಗ, ತೇಗದ ಮತ್ತು ಬೇವಿನ ಗಟ್ಟಿಮುಟ್ಟಾದ ಕದಗಳು ಸೌದೆಯ ಬೆಲೆಗೆ ಹೋಗುವುದನ್ನೂ, ಅದೇ ಮನೆಯ ಹುಡುಗಿಯ ಮದುವೆಗೆಂದು ಸಾಲಮಾಡಿ ಹೊಳೆಯುವ ಹೊಸ ಬೀರುವನ್ನು ತರುವುದನ್ನೂ ನೋಡಿದವರು ಹಾಗೆನ್ನಲಾರರು. ಹುಳುವಿಗೆ ಸುಲಭವಾಗಿ ಬಗ್ಗದ ಮರವು ಹೊರಕ್ಕೆ ಹೋಗಿ, ಮರದ ಹೊಟ್ಟನ್ನು ಒತ್ತಿ ಮಾಡಿದ, ನೀರು ತಗಲಿದರೆ ಉಬ್ಬುವ ಹಲಗೆಯು ಒಳಕ್ಕೆ ಬರುತ್ತದೆ. ಹಳೆಯ ಕದದಲ್ಲಿ ಇರುವ ಕೊರತೆಯು ಬಹುಮಟ್ಟಿಗೆ ಅಂದದ್ದೇ ಹೊರತು ಬಲದ್ದಲ್ಲ. ಅಂದವನ್ನು ನಾವೇ ಮಾಡಿಕೊಳ್ಳಬಹುದು.

ಅಲಂಕಾರವನ್ನು ಎಲ್ಲಿ ಇಡಬೇಕು, ಎಲ್ಲಿ ಬಿಡಬೇಕು ಎಂಬುದೇ ಮೊದಲನೆಯ ಪ್ರಶ್ನೆ. ಇದನ್ನು ಕಲಿಯಲು ದೂರ ಹೋಗಬೇಕಾದುದಿಲ್ಲ. ಮೊಳಕಾಲ್ಮೂರಿನ ರೇಷ್ಮೆ ಸೀರೆಯೊಂದನ್ನು ಮಂಚದ ಮೇಲೆ ಹರಡಿ ನೋಡಿರಿ. ಅದರಲ್ಲಿ ಅಂಚು, ಒಡಲು, ಸೆರಗು ಎಂಬ ಮೂರು ಭಾಗಗಳಿವೆ. ಅಂಚಿನಲ್ಲಿ ಕೆಲಸವು ಒತ್ತಾಗಿರುತ್ತದೆ; ಒಡಲು ಬಯಲಾಗಿರುತ್ತದೆ, ಇಲ್ಲವೆ ದೂರದೂರಕ್ಕೆ ಬುಟ್ಟಾಗಳಿರುತ್ತವೆ; ಸೆರಗಿನಲ್ಲಿ ಮಾತ್ರ ನೇಕಾರನು ಕೈ ಬಿಚ್ಚಿ ನೇಯ್ದಿರುತ್ತಾನೆ. ಒಡಲು ಬಯಲಾಗಿರುವುದರಿಂದಲೇ ಅಂಚು ಎದ್ದು ಕಾಣುತ್ತದೆ. ಹಳೆಯ ಕದದಲ್ಲಿಯೂ ಇದೇ ವಿಭಾಗವುಂಟು. ಎರಡು ನಿಲುವುಪಟ್ಟಿಗಳೂ ಮೇಲೆ ಕೆಳಗೆ ಅಡ್ಡಪಟ್ಟಿಗಳೂ ಸೇರಿ ಅದರ ಅಂಚು. ನಡುವಿನ ಹಲಗೆಯೇ ಒಡಲು. ಅಂಚಿನಲ್ಲಿ ಕೆಲಸಮಾಡಿ ಒಡಲನ್ನು ಬಿಡುವವಳು ತಪ್ಪುವುದು ಕಡಿಮೆ. ನಡುಹಲಗೆಯ ತುಂಬ ಬಳ್ಳಿ, ಅದರ ಮೇಲೆ ಕನ್ನಡಿ, ಸುತ್ತಲೂ ಚಿನ್ನದ ಬಣ್ಣದ ಪಟ್ಟಿ, ಇಷ್ಟನ್ನೂ ಒಂದೇ ಕದಕ್ಕೆ ಹೇರಿದರೆ ಕದವು ಜಾತ್ರೆಯ ಅಂಗಡಿಯಾಗುತ್ತದೆ.

ಆದರೆ ಸೀರೆಗೂ ಕದಕ್ಕೂ ಒಂದು ಮುಖ್ಯ ಭೇದವುಂಟು. ಸೀರೆಯ ಅಂಚು ನೇರವಾಗಿ ಓಡುತ್ತದೆ, ಮೂಲೆಯನ್ನು ತಿರುಗುವುದಿಲ್ಲ. ಕದದ ಅಂಚು ನಾಲ್ಕು ಕಡೆ ತಿರುಗಲೇಬೇಕು. ಮನೆಗೆಲಸದಲ್ಲಿ ಬಣ್ಣದ ಅಂಚು ಕೆಡುವುದು ಹೆಚ್ಚಾಗಿ ಈ ಮೂಲೆಗಳಲ್ಲಿಯೇ: ಅರ್ಧ ಮಾವಿನಕಾಯಿ, ಕತ್ತರಿಸಿದ ಹಂಸ, ಒಂದರ ಮೇಲೊಂದು ಬಿದ್ದ ಎಲೆ. ಇದಕ್ಕೆ ಉಪಾಯವೇನೆಂದರೆ, ನಾಲ್ಕು ಮೂಲೆಗಳಿಗೂ ಬೇರೆಯೇ ಒಂದು ಚೌಕದ ಹೂವನ್ನಿಟ್ಟು, ಅಂಚಿನ ಸಾಲನ್ನು ಆ ಚೌಕಗಳ ನಡುವೆ ಮಾತ್ರ ಓಡಿಸತಕ್ಕದ್ದು.

ಲೆಕ್ಕವನ್ನು ನೋಡೋಣ. ಕದದ ಅಗಲ 20 ಅಂಗುಲ, ಎತ್ತರ 48 ಅಂಗುಲ, ಪಟ್ಟಿಗಳ ಅಗಲ 3 ಅಂಗುಲ ಎಂದಿಟ್ಟುಕೊಳ್ಳಿರಿ. ಮೂಲೆಯ ಚೌಕಗಳು 3 ಅಂಗುಲದವು. ಅವನ್ನು ಕಳೆದರೆ ಅಡ್ಡಪಟ್ಟಿಯಲ್ಲಿ 14 ಅಂಗುಲವೂ ನಿಲುವುಪಟ್ಟಿಯಲ್ಲಿ 42 ಅಂಗುಲವೂ ಉಳಿಯುತ್ತವೆ. ಹೂವಿನ ಅಗಲ 2 ಅಂಗುಲವಾದರೆ ಅಡ್ಡಕ್ಕೆ 7, ನಿಲುವಿಗೆ 21. ಎರಡೂ ಬೆಸಸಂಖ್ಯೆಗಳಾದುದರಿಂದ ಪ್ರತಿ ಪಟ್ಟಿಯ ಸರಿಯಾದ ನಡುವಿನಲ್ಲಿ ಒಂದು ಹೂವು ಕೂರುತ್ತದೆ. ನಿಮ್ಮ ಕದದ ಅಳತೆ ಇಷ್ಟು ಸರಿಯಾಗಿ ಹೊಂದದಿದ್ದರೆ ಹೂವನ್ನು ಹಿಗ್ಗಿಸಬೇಡಿರಿ. ಉಳಿದ ಜಾಗವನ್ನು ಹೂವುಗಳ ನಡುವಿನ ಸಂದುಗಳಿಗೆ ಸಮನಾಗಿ ಹಂಚಿರಿ. ಜೋಡಿ ಕದಗಳಾದರೆ ನವಿಲು, ಹಂಸ, ಗಿಳಿ ಮೊದಲಾದ ಮುಖವುಳ್ಳ ಆಕೃತಿಗಳು ಒಂದನ್ನೊಂದು ನೋಡುವಂತೆ ಒಂದು ಕದದ ಚಿತ್ರವನ್ನು ಮಗುಚಿ ಇನ್ನೊಂದಕ್ಕೆ ಬರೆಯಬೇಕು. ಒಂದೇ ದಿಕ್ಕಿಗೆ ನೋಡುವ ನವಿಲುಗಳು ಬೀರುವನ್ನು ಬಿಟ್ಟು ಹೊರಡುವಂತೆ ಕಾಣುತ್ತವೆ.

ಹೂವನ್ನು ಬರೆದುಕೊಳ್ಳುವುದಕ್ಕೂ ನೇಕಾರರ ಕ್ರಮವೇ ಒಳ್ಳೆಯದು. ಅವರು ನಕ್ಷೆಯನ್ನು ಚೌಕುಳಿ ಕಾಗದದ ಮೇಲೆ ತೆಗೆದು, ಮನೆಗಳನ್ನು ಎಣಿಸಿ ಎಳೆಗಳಿಗೆ ಹೊಂದಿಸುತ್ತಾರೆ. ಗಣಿತದ ಗ್ರಾಫ್ ಪುಸ್ತಕವಿರುವ ಯಾವ ಹುಡುಗಿಯಾದರೂ ಇದನ್ನು ಮಾಡಬಲ್ಲಳು. ಸೀರೆಯಂಚಿನ ಹೂವನ್ನು ಮನೆ ಮನೆಯಾಗಿ ಎಣಿಸಿ ಇಳಿಸಿಕೊಂಡು, ಬೇಕಾದ ಅಳತೆಗೆ ಮನೆಯನ್ನು ದೊಡ್ಡದು ಮಾಡಿದರೆ ಸಾಕು. ಬಳಿಕ ಅದನ್ನು ಗಟ್ಟಿ ಕಾಗದದಲ್ಲಿ ಅಥವಾ ತೊಳೆದ ಹಳೆಯ ಎಕ್ಸ್-ರೇ ಹಾಳೆಯಲ್ಲಿ ಕತ್ತರಿಸಿ ಅಚ್ಚು ಮಾಡಿಕೊಳ್ಳಬೇಕು. ಕುಂಚದಲ್ಲಿ ಬಣ್ಣವು ಬಹು ಸ್ವಲ್ಪವಿರಬೇಕು. ಮೊದಲು ಹಳೆಯ ಕಾಗದದ ಮೇಲೆ ಒರಸಿ, ಆಮೇಲೆ ಅಚ್ಚಿನ ಮೇಲೆ ನೇರವಾಗಿ ಕುಟ್ಟುವಂತೆ ಮುಟ್ಟಿಸಬೇಕೇ ಹೊರತು ಎಳೆಯಬಾರದು. ಎಳೆದರೆ ಬಣ್ಣವು ಅಚ್ಚಿನ ಅಡಿಗೆ ನುಗ್ಗುತ್ತದೆ.

ಉಬ್ಬಿದ ಕೆಲಸವು ಬೇಕೆಂದರೆ ಉಳಿ ಹಿಡಿದು ಕೆತ್ತಲೇಬೇಕೆಂಬುದಿಲ್ಲ. ಕೊಪ್ಪಳದ ಸಮೀಪದ ಕಿನ್ನಾಳದ ಚಿತ್ರಗಾರರು ಹಗುರವಾದ ಮರದ ಮೇಲೆ ಬಟ್ಟೆಯನ್ನೂ ಹುಣಸೆ ಬೀಜದ ಅಂಟನ್ನೂ ಬಳಸಿ ಹಿನ್ನೆಲೆ ಕಟ್ಟಿ, ಕಲ್ಲಿನ ನುಣ್ಣನೆಯ ಪುಡಿಯನ್ನು ಅಂಟಿನಲ್ಲಿ ಕಲಸಿ, ಒಡವೆಗಳ ಗೆರೆಗಳನ್ನು ಅದರಿಂದಲೇ ಉಬ್ಬಿಸುತ್ತಾರೆ. ಮನೆಯಲ್ಲಿ ಸೀಮೆಸುಣ್ಣದ ಜರಡಿ ಹಿಡಿದ ಪುಡಿಯನ್ನು ಮರದ ಬಿಳಿಯ ಅಂಟಿನಲ್ಲಿ ದೋಸೆಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಗೋರಂಟಿ ಹಚ್ಚುವ ಕೊಳವೆಯಲ್ಲಿ ತುಂಬಿ ಗೆರೆಯೆಳೆದರೆ ಅದೇ ಬಗೆಯ ಕೆಲಸವು ಬರುತ್ತದೆ. ರಂಗೋಲಿಯ ಎಳೆ ಬಿಡುವ ಕೈಗೆ ಇದು ಎರಡು ದಿನದ ಅಭ್ಯಾಸ. ಅಡಿಗೆಮನೆಯ ಕದಗಳಿಗೆ ಮಾತ್ರ ಉಬ್ಬುಗೆಲಸವನ್ನು ಮಾಡಬಾರದು. ಒಗ್ಗರಣೆಯ ಹೊಗೆಯೂ ಧೂಳೂ ಸೇರಿ ಸಂದುಗಳಲ್ಲಿ ಕೂತರೆ ಅದನ್ನು ತೆಗೆಯುವುದರಲ್ಲಿಯೇ ಮನೆಯೊಡತಿಯ ಆಯುಷ್ಯ ಕಳೆಯುತ್ತದೆ.

ಮೈಸೂರಿನ ಬೀಟೆಮರದ ಕುಸುರಿಯನ್ನು ಇಲ್ಲಿ ನೆನೆಯದಿರಲಾಗದು. 1897ರಲ್ಲಿ ಆರಂಭವಾಗಿ 1912ರಲ್ಲಿ ಮುಗಿದ ಅರಮನೆಯ ಅಂಬಾವಿಲಾಸದಲ್ಲಿ ದಂತವನ್ನು ಕೂಡಿಸಿದ ಬೀಟೆಯ ಬಾಗಿಲನ್ನು ಅನೇಕರು ನೋಡಿರುವಿರಿ. ದಂತದ ವ್ಯಾಪಾರವು ಈಗ ಕಾನೂನಿನಿಂದ ನಿಷಿದ್ಧವಾಗಿದೆ. ಕುಶಲಿಗಳು ಬೇರೆ ಬಣ್ಣದ ಮರಗಳನ್ನು ಕೂಡಿಸುತ್ತಾರೆ. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಸಣ್ಣ ಫಲಕವೊಂದನ್ನು ಕೊಂಡು ತಂದು ಒಡಲಿನ ನಡುವೆ ಬುಟ್ಟಾದಂತೆ ಕೂರಿಸಬಹುದು.

ಹಿಡಿಗಳ ಸಂಗತಿ ಬೇರೆ. ಅಲ್ಪ ಖರ್ಚಿನಿಂದ ಕದದ ರೂಪವನ್ನೇ ಬದಲಿಸುವ ವಸ್ತು ಹಿಡಿಯೇ ಸರಿ. ಚನ್ನಪಟ್ಟಣದವರು ಆಲೆಮರವನ್ನು ಚರಕಿಯಲ್ಲಿ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜಾಟದ ಕಾವಿಗೆ ಅರಗು ಕರಗಿ ಹತ್ತಿಕೊಳ್ಳುತ್ತದೆ; ಕೇದಗೆಯ ಗರಿಯನ್ನು ಹಿಡಿದು ಹೊಳಪು ಬರಿಸುತ್ತಾರೆ. ಅಂಥ ಗುಂಡು ಹಿಡಿಗಳು ಸೀರೆಯ ಅಂಚಿನ ಬಣ್ಣಕ್ಕೆ ಬಹಳ ಹೊಂದುತ್ತವೆ. ಹಳೆಯ ಹಿತ್ತಾಳೆಯ ಹಿಡಿ, ಚಿಲಕಗಳಿದ್ದರೆ ಅವನ್ನು ತೆಗೆಯಲೇಬೇಡಿರಿ. ಹುಣಸೆಹಣ್ಣಿನಿಂದ ಉಜ್ಜಿ, ತೊಳೆದು, ಒಣಗಿಸಿರಿ. ಕನ್ನಡಿ ಕೂರಿಸುವವರು ಭಾರವನ್ನು ಲೆಕ್ಕಹಾಕಬೇಕು: 4 ಮಿಲಿಮೀಟರು ದಪ್ಪದ ಗಾಜು ಚದರ ಮೀಟರಿಗೆ ಸುಮಾರು 10 ಕಿಲೋಗ್ರಾಂ ತೂಗುತ್ತದೆ. ಸವೆದ ಕೀಲಿನ ಮೇಲೆ ಅದನ್ನು ತೂಗಿಬಿಟ್ಟರೆ ಕದವು ಜೋಲುತ್ತದೆ.

ಈಗ ನಮ್ಮ ಸೀಮೆಯ ಹವೆಯ ವಿಚಾರ. ಚಳ್ಳಕೆರೆಯು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲೊಂದು. ಮರವು ಎಳೆಗೆ ಅಡ್ಡಲಾಗಿ ಒಣ ದಿನಗಳಲ್ಲಿ ಕುಗ್ಗುತ್ತದೆ, ತೇವದಲ್ಲಿ ಹಿಗ್ಗುತ್ತದೆ. ಆದಕಾರಣವೇ ಹಳೆಯ ಬಡಗಿಗಳು ನಡುಹಲಗೆಯನ್ನು ಅಂಟಿಸದೆ, ಮೊಳೆ ಹೊಡೆಯದೆ, ಚೌಕಟ್ಟಿನ ತೋಡಿನೊಳಗೆ ಸಡಿಲವಾಗಿ ಕೂರಿಸಿರುತ್ತಾರೆ. ಅಲಂಕಾರದ ಸಣ್ಣ ಪಟ್ಟಿಯನ್ನು ಹಲಗೆಗೂ ಚೌಕಟ್ಟಿಗೂ ಸೇರಿಸಿ ಮೊಳೆ ಹೊಡೆದರೆ ಹಲಗೆಗೆ ಅಲುಗಲು ಎಡೆಯಿಲ್ಲದೆ ಸೀಳುತ್ತದೆ. ಪಟ್ಟಿಗೆ ಮೊಳೆಯು ಚೌಕಟ್ಟಿಗೆ ಮಾತ್ರ ಇರಲಿ. ಬಣ್ಣ ಬಳಿಯುವುದಕ್ಕೆ ಚೈತ್ರ ವೈಶಾಖಗಳೇ ಒಳ್ಳೆಯ ಕಾಲ. ಆಗ ಹಲಗೆಯು ಪೂರ್ತಿ ಕುಗ್ಗಿರುವುದರಿಂದ ಮುಂದೆ ಬಣ್ಣವಿಲ್ಲದ ಗೆರೆಯು ಬದಿಯಲ್ಲಿ ಇಣುಕುವುದಿಲ್ಲ. ಆಷಾಢದ ಗಾಳಿಯಲ್ಲಿ ಬಳಿದರೆ ಬಯಲಿನ ಧೂಳೆಲ್ಲವೂ ಹಸಿ ಬಣ್ಣದ ಮೇಲೆ ಬಂದು ಕೂರುವುದು.

ಹಳೆಯ ಬಣ್ಣವನ್ನು ತೆಗೆಯುವಾಗ ಎಚ್ಚರಿಕೆ ಅವಶ್ಯ. ಹಿಂದಿನ ಎಣ್ಣೆಬಣ್ಣಗಳಲ್ಲಿ ಸೀಸವು ಇರುತ್ತಿತ್ತು. ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮವು ನಮ್ಮ ದೇಶದಲ್ಲಿ ಜಾರಿಗೆ ಬಂದುದು 2017ರಲ್ಲಿ. ಅದಕ್ಕೆ ಮುಂಚಿನ ಬಣ್ಣವನ್ನು ಒಣದಾಗಿ ಉಜ್ಜಿದರೆ ಏಳುವ ಧೂಳು ಕೈಗೂಸುಗಳ ಬುದ್ಧಿಯ ಬೆಳವಣಿಗೆಗೆ ಹಾನಿಕರವಾದುದು, ಗರ್ಭಿಣಿಯರಿಗೂ ಹಾಗೆಯೇ. ಕದವನ್ನು ಕಳಚಿ ಮನೆಯ ಹೊರಗೊಯ್ದು, ನೀರು ತಾಳುವ ಉಪ್ಪುಕಾಗದದಿಂದ ಒದ್ದೆ ಮಾಡಿಯೇ ಉಜ್ಜಬೇಕು. ಮೂಗುಬಾಯಿಗಳಿಗೆ ಒಳ್ಳೆಯ ಮುಸುಕು ಇರಬೇಕು. ಮಕ್ಕಳನ್ನು ಹತ್ತಿರಕ್ಕೆ ಬಿಡಬಾರದು. ಹಳೆಯ ಬಣ್ಣವು ಗಟ್ಟಿಯಾಗಿಯೇ ಇದ್ದರೆ ಅದನ್ನು ಕೀಳದೆ ಮೇಲೆಯೇ ಬಳಿಯುವುದು ಇನ್ನೂ ಲೇಸು.

ಬಣ್ಣವಿಲ್ಲದೆ ಮರದ ಎಳೆಯನ್ನೇ ತೋರಿಸಬಯಸುವವರು ಎಣ್ಣೆ ಹಚ್ಚುತ್ತಾರೆ. ನಮ್ಮದು ಶೇಂಗಾ ಗಾಣಗಳಿಗೆ ಹೆಸರಾದ ಊರಾದುದರಿಂದ ಅನೇಕರು ಮನೆಯಲ್ಲಿರುವ ಶೇಂಗಾ ಎಣ್ಣೆಯನ್ನೇ ಒರಸುವುದುಂಟು. ಅದು ಒಣಗುವ ಜಾತಿಯ ಎಣ್ಣೆಯಲ್ಲ. ತಿಂಗಳುಗಳ ಮೇಲೂ ಜಿಗುಟಾಗಿದ್ದು, ಧೂಳನ್ನು ಹಿಡಿದು, ಮಕ್ಕಲುವಾಸನೆ ಬರುತ್ತದೆ. ಕೊಬ್ಬರಿ ಎಣ್ಣೆಯೂ ಹಾಗೆಯೇ. ಅಗಸೆ ಎಣ್ಣೆಯು ಮಾತ್ರ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾದ ಪೊರೆಯಾಗುತ್ತದೆ. ಅದನ್ನು ತೆಳ್ಳಗೆ ಹಚ್ಚಿ, ಕಾಲುಗಂಟೆಯ ಮೇಲೆ ಉಳಿದುದನ್ನು ಪೂರ್ತಿ ಒರಸಿ ತೆಗೆದು, ಚೆನ್ನಾಗಿ ಒಣಗಿದ ಬಳಿಕವೇ ಎರಡನೆಯ ಸಲ ಹಚ್ಚಬೇಕು. ಒರಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಯಲ್ಲಿ ಎಸೆಯಕೂಡದು. ಎಣ್ಣೆಯು ಒಣಗುವಾಗ ಹುಟ್ಟುವ ಕಾವು ಮುದ್ದೆಯೊಳಗೆ ಸಿಕ್ಕಿಕೊಂಡು ಬಟ್ಟೆಯು ತಾನೇ ಹೊತ್ತಿಕೊಳ್ಳುವುದುಂಟು. ಅದನ್ನು ಆ ಕೂಡಲೇ ನೀರಿನಲ್ಲಿ ನೆನೆಸಿ, ಅಂಗಳದ ಕಲ್ಲಿನ ಮೇಲೆ ಒಂದೊಂದಾಗಿ ಹರಡಿ, ಪೂರ್ತಿ ಒಣಗಿ ಬಿರುಸಾದ ಮೇಲೆ ಕಸಕ್ಕೆ ಹಾಕತಕ್ಕದ್ದು.